ಹೊತ್ತುಕೊಂಡು ನಡೆಸುವ ತಂದೆ



ಈ ತಿಂಗಳಿನ ಧ್ಯಾನಕ್ಕಾಗಿ ಸತ್ಯವೇದದೊಳಗಿಂದ ಮೂರು ಸ್ಥಳಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಮೊದಲನೆಯದು ಧರ್ಮೋಪದೇಶಕಾಂಡದ 1ನೆಯ ಅಧ್ಯಾಯದ 31ನೆಯ ವಚನ. ಎರಡನೆಯದು ಹೋಶೇಯನ ಪ್ರವಾದನೆಯ 11ನೆಯ ಅಧ್ಯಾಯದ 3ನೆಯ ವಚನ. ಮೂರನೆಯದು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ 21ನೆಯ ವಚನ. ಮನೆಯಲ್ಲಿ ಗ್ರಂಥವುಳ್ಳವರು ಅದನ್ನು ತೆರೆದು ಓದಿಕೊಳ್ಳಲಿ. ಓದಲಾರದ ತಂದೆಗಳು ತಮ್ಮ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಅವರ ಬಾಯಿಂದಲೇ ಓದಿಸಿ ಕೇಳಲಿ. ಹಾಗೆ ಕೇಳುವುದೇ ಈ ಪ್ರಸಂಗದ ಅರ್ಧ ಭಾಗವನ್ನು ಕೈಕೊಂಡು ನಡೆದಂತಾಗುವುದು.

ಮೊದಲನೆಯ ಸ್ಥಳದಲ್ಲಿ ವೃದ್ಧನಾದ ಮೋಶೆಯು ಅರಣ್ಯ ಪ್ರಯಾಣವನ್ನು ನೆನಪಿಗೆ ತರುತ್ತಾನೆ. ದೇವರು ಆ ಜನರನ್ನು ಹೇಗೆ ಸಾಗಿಸಿದನೆಂದು ಹೇಳುವಾಗ ಅವನು ಅರಸನ ಹೋಲಿಕೆಯನ್ನಾಗಲಿ ಸೇನಾಪತಿಯ ಹೋಲಿಕೆಯನ್ನಾಗಲಿ ತೆಗೆದುಕೊಳ್ಳದೆ, ದಾರಿಯುದ್ದಕ್ಕೂ ತನ್ನ ಮಗನನ್ನು ಎತ್ತಿಕೊಂಡು ಬರುವ ಒಬ್ಬ ಸಾಧಾರಣ ಮನುಷ್ಯನನ್ನು ತೋರಿಸುತ್ತಾನೆ. ಎರಡನೆಯ ಸ್ಥಳದಲ್ಲಿ ದೇವರು ಎಫ್ರಾಯೀಮಿಗೆ ಹೆಜ್ಜೆಯಿಡುವುದನ್ನು ಕಲಿಸುವವನಾಗಿ ಕಾಣಿಸುತ್ತಾನೆ. ಇವೆರಡೂ ಒಂದೇ ಅಲ್ಲ. ಎತ್ತಿಕೊಂಡ ಮಗುವಿನ ಕಾಲು ನೆಲಕ್ಕೆ ತಾಗುವುದಿಲ್ಲ. ನಡೆಯಲು ಕಲಿಯುವ ಮಗುವಾದರೋ ಬೀಳದೆ ಇರಲಾರದು. ಹೊತ್ತುಕೊಳ್ಳುವುದನ್ನು ಮಾತ್ರ ಬಲ್ಲ ತಂದೆಯು ಮಗುವನ್ನು ಬಲಹೀನವಾಗಿ ಮಾಡುವನು; ನಡೆಸುವುದನ್ನು ಮಾತ್ರ ಬಲ್ಲ ತಂದೆಯು ಅದನ್ನು ದಾರಿಯಲ್ಲಿ ದಣಿಸಿಬಿಡುವನು. ನಮ್ಮ ದೇವರು ಎರಡನ್ನೂ ಮಾಡುತ್ತಾನೆ.

ಮೂರನೆಯ ಸ್ಥಳವು ಎಚ್ಚರಿಕೆಯ ಮಾತಾಗಿದೆ. ತಂದೆಗಳು ತಮ್ಮ ಮಕ್ಕಳನ್ನು ಕೆರಳಿಸಬಾರದು, ಹಾಗೆ ಮಾಡಿದರೆ ಅವರ ಮನಸ್ಸು ಕುಂದಿಹೋದೀತು ಎಂಬುದೇ ಪೌಲನ ಅಭಿಪ್ರಾಯ. ಮೂಲ ಗ್ರೀಕ್ ಮಾತಿನ ಭಾವವೇನಂದರೆ, ಒಳಗಿರುವ ಹುರುಪು ಆರಿಹೋಗುವುದು. ಮೈಯಲ್ಲಿ ಬಲವಿದ್ದರೂ ಹುರುಪು ಆರಿದ ಮಗು ಎಣ್ಣೆ ತೀರಿದ ದೀಪದಂತೆ ಇರುವುದು. ಪೌಲನು ಈ ಮಾತನ್ನು ವಿಶೇಷವಾಗಿ ತಂದೆಗಳಿಗೆ ಹೇಳಿದ್ದಾನೆಂಬುದನ್ನು ಗಮನಿಸಿರಿ. ಮಕ್ಕಳ ಪಾಲನೆಯು ತಾಯಿಯ ಕೆಲಸ, ದುಡಿದು ತಂದು ಹಾಕುವುದಷ್ಟೇ ನನ್ನ ಕೆಲಸ ಎಂದು ನಮ್ಮಲ್ಲಿ ಅನೇಕರು ಹೇಳುವದುಂಟು. ಸತ್ಯವೇದವು ಈ ನೆಪವನ್ನು ಒಪ್ಪುವುದಿಲ್ಲ.

ನಮ್ಮ ಸೀಮೆಯ ತಂದೆಗಳ ಕಷ್ಟವನ್ನು ನಾನು ಅರಿಯದವನಲ್ಲ. ಸೇಡಂ ತಾಲೂಕಿನ ಮಳಖೇಡದ ಬಳಿಯ ಆದಿತ್ಯನಗರದಲ್ಲಿಯೂ ವಾಡಿಯಲ್ಲಿಯೂ ಸಿಮೆಂಟು ಕಾರ್ಖಾನೆಯ ಪಾಳಿಗೆ ಹೋಗುವವರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಶಹಾಬಾದ ಮತ್ತು ಚಿತ್ತಾಪುರದ ಕಡೆಯಲ್ಲಿ ಫರಸಿ ಕಲ್ಲಿನ ಗಣಿಯಲ್ಲಿ ಬೆನ್ನು ಬಾಗಿಸುವವರಿದ್ದಾರೆ. ಚಿಂಚೋಳಿಯ ಕಡೆಯಿಂದ ಸುಗ್ಗಿ ಮುಗಿದೊಡನೆ ಮುಂಬಯಿಗೂ ಪುಣೆಗೂ ಹೈದರಾಬಾದಿಗೂ ಕೂಲಿಗಾಗಿ ಹೋಗುವವರಿದ್ದಾರೆ. ಇಂಥವರ ಮೇಲೆ ಹೊಸ ಭಾರವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಹೊತ್ತಿರುವ ಭಾರವನ್ನು ಸರಿಯಾಗಿ ಹೊರುವ ರೀತಿಯನ್ನು ನಾವು ಕೂಡಿ ಕಲಿಯೋಣವೆಂಬುದೇ ನನ್ನ ಆಶೆ. ಈ ವಿಷಯವನ್ನು ಮೂರು ಭಾಗಗಳಾಗಿ ವಿಚಾರಿಸೋಣ.

ಮೊದಲನೆಯದಾಗಿ, ತಂದೆಯು ಹೊತ್ತುಕೊಳ್ಳುವವನಾಗಿರಬೇಕು.

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯಾಯೀರನೆಂಬ ಸಭಾಮಂದಿರದ ಅಧಿಕಾರಿಯ ಕಥೆಯಿದೆ. ಅವನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಗ ಅವನು ತನ್ನ ಪದವಿಯನ್ನು ನೋಡದೆ, ಜನರ ನಡುವೆ ಕರ್ತನ ಪಾದಕ್ಕೆ ಬಿದ್ದನು. ಕೆಲಸದವನನ್ನು ಕಳುಹಿಸಲಿಲ್ಲ, ಹೆಂಡತಿಯನ್ನು ಕಳುಹಿಸಲಿಲ್ಲ, ತಾನೇ ಬಂದನು. ಗಂಡುಮಗುವಿಗಾಗಿ ಮಾತ್ರ ಓಡುವ ತಂದೆಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಇಲ್ಲಿ ತಂದೆಯನ್ನು ಓಡಿಸಿದವಳು ಮಗಳು. ಕರ್ತನು ಆ ಹುಡುಗಿಯನ್ನು ಎಬ್ಬಿಸಿದ ಮೇಲೆ ಏನು ಮಾಡಿದನು? ಎಲ್ಲರೂ ಬೆರಗಾಗಿ ನಿಂತಿರುವಾಗ, ಅವಳಿಗೆ ತಿನ್ನಲು ಏನಾದರೂ ಕೊಡಬೇಕೆಂದು ಆತನೇ ನೆನಪುಮಾಡಿದನು. ಮರಣವನ್ನು ಜಯಿಸಿದಾತನಿಗೆ ಒಂದು ಮಗುವಿನ ಹಸಿವು ಸಣ್ಣ ಸಂಗತಿಯಾಗಿರಲಿಲ್ಲ. ಹಾಗಾದರೆ ನಮಗೆ ಅದು ಸಣ್ಣದಾಗಬಹುದೋ?

ನಮ್ಮ ರಾಜ್ಯದ ಮಕ್ಕಳ ಸ್ಥಿತಿಯನ್ನು ಕೇಳಿರಿ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನವರಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ರಕ್ತಹೀನವಾದ ಮಗು ಬೇಗನೆ ದಣಿಯುತ್ತದೆ, ಪಾಠದಲ್ಲಿ ಮನಸ್ಸಿಡಲಾರದು, ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅಂಥ ಮಗುವನ್ನು ನಾವು ಸೋಮಾರಿ ಎಂದು ಬೈಯುತ್ತೇವೆ. ಬೈಗಳಿಂದ ರಕ್ತವು ಹೆಚ್ಚುವುದಿಲ್ಲ.

ಬಲಕೊಡುವ ಆಹಾರಕ್ಕೆ ಐಶ್ವರ್ಯವೇ ಬೇಕೆಂದು ತಿಳಿಯಬೇಡಿರಿ. ದಾನಿಯೇಲನೂ ಅವನ ಮೂವರು ಗೆಳೆಯರೂ ಬಾಬೆಲಿನ ಅರಮನೆಯಲ್ಲಿ ರಾಜಭೋಜನವನ್ನು ಬಿಟ್ಟು ಹತ್ತು ದಿವಸ ಸರಳ ಆಹಾರವನ್ನೂ ನೀರನ್ನೂ ಕೇಳಿಕೊಂಡರು. ಹತ್ತು ದಿವಸಗಳ ತರುವಾಯ ಅವರ ಮುಖವೇ ಮಿಕ್ಕವರ ಮುಖಕ್ಕಿಂತ ಕಳೆಯುಳ್ಳದ್ದಾಗಿತ್ತು. ಅಲ್ಲಿರುವ ಇಬ್ರಿಯ ಮಾತಿಗೆ ಬೀಜದಿಂದ ಬರುವ ಪದಾರ್ಥವೆಂಬ ಅರ್ಥವಿದೆ. ಬೀಜದ ಕಾಳುಗಳಿಗೆ ನಮ್ಮಲ್ಲಿ ಕೊರತೆಯುಂಟೋ? ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಂಥ ತೊಗರಿಯನ್ನು ಬೆಳೆದು, ಚೀಲವೆಲ್ಲವನ್ನೂ ಪೇಟೆಗೆ ಮಾರಿ, ಮನೆಯ ಮಗುವಿಗೆ ಅಂಗಡಿಯ ಐದು ರೂಪಾಯಿಯ ಪುಡಿಕೆಯನ್ನು ಕೊಡುವುದು ಎಂಥ ವ್ಯಾಪಾರ! ಜೋಳದ ಅಥವಾ ಸಜ್ಜೆಯ ರೊಟ್ಟಿ, ಗಟ್ಟಿಯಾದ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ, ಒಂದು ಚೂರು ನಿಂಬೆಹಣ್ಣು, ಇವು ಮಗುವಿನ ತಟ್ಟೆಯಲ್ಲಿರಲಿ. ಹುಳಿಯು ಸೊಪ್ಪುಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹಿಡಿಸುತ್ತದೆ. ಊಟದೊಡನೆ ಕುಡಿಯುವ ಚಹವು ಅದನ್ನು ತಡೆಯುತ್ತದೆ. ಆದಕಾರಣ ಎಳೆಯ ಮಕ್ಕಳಿಗೆ ಚಹದಲ್ಲಿ ರೊಟ್ಟಿ ಅದ್ದಿ ತಿನ್ನಿಸುವ ವಾಡಿಕೆಯನ್ನು ಬಿಡಿರಿ.

ಸರಕಾರವು ಕೊಡುವುದನ್ನೂ ಅಲಕ್ಷ್ಯಮಾಡಬೇಡಿರಿ. 2013ರ ಆಗಸ್ಟಿನಿಂದ ಶಾಲೆಗಳಲ್ಲಿ ಹಾಲು ಕೊಡುವ ಯೋಜನೆ ಆರಂಭವಾಯಿತು. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡುವುದಕ್ಕೆ ತೊಡಗಿದರು. ಜಂತುಹುಳದ ಮಾತ್ರೆಯನ್ನು ಕೊಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿರಿ. ಲಸಿಕೆಯ ಕಾರ್ಡು ಎಲ್ಲಿದೆಯೆಂದು ತಂದೆಗೂ ತಿಳಿದಿರಬೇಕು. ಹತ್ತನೆಯ ವರ್ಷದಲ್ಲಿಯೂ ಹದಿನಾರನೆಯ ವರ್ಷದಲ್ಲಿಯೂ ಧನುರ್ವಾಯು ಮತ್ತು ಗಂಟಲುಮಾರಿಯ ಚುಚ್ಚುಮದ್ದು ಇದೆಯೆಂಬುದನ್ನು ಅನೇಕರು ಮರೆತೇಬಿಡುತ್ತಾರೆ. ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬುದು ಕೊಲ್ಲುವ ಮಾತು. ಆಸ್ಪತ್ರೆಯ ಪುಡಿ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಿಂದ ಸಮನಾಗಿ ಅಳೆದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಮಗು ಮಂಕಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿರಿ.

ಹೊರುವವನ ಹೆಗಲು ಗಟ್ಟಿಯಾಗಿರಬೇಕಷ್ಟೆ. ಕಲ್ಲು ಕೊಯ್ಯುವವರೂ ಉಜ್ಜುವವರೂ ಕೇಳಿರಿ: ಕಲ್ಲಿನ ಸಣ್ಣ ದೂಳು, ಅದರಲ್ಲೂ ಸಿಲಿಕದ ಅಂಶವುಳ್ಳದ್ದು, ಶ್ವಾಸಕೋಶದಲ್ಲಿ ಮಾಗದ ಗಾಯವನ್ನು ಮಾಡುತ್ತದೆ. ನೀರು ಚಿಮುಕಿಸಿ ಕೊಯ್ಯಿರಿ, ದೂಳು ತಡೆಯುವ ಸರಿಯಾದ ಮುಸುಕನ್ನು ಹಾಕಿರಿ, ದೂಳಿನ ಬಟ್ಟೆಯನ್ನು ಕಳಚಿ ಕೈಕಾಲು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿರಿ. ಬೀಡಿ, ತಂಬಾಕು, ಸೆರೆ ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಗುಟಕವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಿದರು. ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವುದು ಅಪರಾಧವಾಗಿದೆ. ಆದರೂ ಅಂಗಡಿಗೆ ಹೋಗಿ ಬೀಡಿಕಟ್ಟು ತಾ ಎಂದು ಮಗನ ಕೈಗೆ ದುಡ್ಡು ಕೊಡುವವರು ಯಾರು? ಬಾಯಿಂದ ಬೇಡವೆಂದು ಹೇಳಿ ಕೈಯಿಂದ ಕಲಿಸುವ ಪಾಠವು ಮಗುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಏಲಿಯೆಂಬ ಯಾಜಕನು ತನ್ನ ಮಕ್ಕಳ ದುರ್ನಡತೆಯನ್ನು ಬಲ್ಲವನಾಗಿದ್ದರೂ ಮಾತಿನಲ್ಲಿ ಮಾತ್ರ ಗದರಿಸಿ ಸುಮ್ಮನಾದನು; ಅವನ ಮನೆತನವು ಹಾಗೆಯೇ ಕುಸಿಯಿತು.

ಹೊತ್ತುಕೊಳ್ಳುವುದೆಂದರೇನೆಂದು ನಮ್ಮ ಸೀಮೆಯ ಒಂದು ಸಂಗತಿಯಿಂದ ತಿಳಿಯಬಹುದು. 1948ರ ಗಲಭೆಯ ಕಾಲದಲ್ಲಿ ಬೀದರ ಜಿಲ್ಲೆಯ ವರವಟ್ಟಿ ಎಂಬ ಗ್ರಾಮದಲ್ಲಿ ರಜಾಕಾರರು ಒಂದು ಬಡ ಮನೆಗೆ ಬೆಂಕಿಯಿಟ್ಟರು. ತಾಯಿಯೂ ಮಗಳೂ ಉರಿಯಲ್ಲಿ ತೀರಿಹೋದರು. ತಂದೆಯಾದ ಮಾಪಣ್ಣನವರು ಆರೇಳು ವರ್ಷದ ಮಗನೊಬ್ಬನನ್ನು ಉಳಿಸಿಕೊಂಡು ಅಲ್ಲಿಂದ ಪಾರಾಗಿ, ಕಲಬುರಗಿಗೆ ಬಂದು ನೆಲಸಿ, ಅವನನ್ನು ಶಾಲೆಗೆ ಹಾಕಿದರು. ಆ ಬಾಲಕನೇ ಮಲ್ಲಿಕಾರ್ಜುನ ಖರ್ಗೆಯವರು; 1972ರಲ್ಲಿ ಮೊದಲನೆಯ ಸಾರಿ ಶಾಸಕರಾದರು, 2008ರಲ್ಲಿ ನಮ್ಮ ಚಿತ್ತಾಪುರದಿಂದಲೂ ಆರಿಸಿಬಂದರು. ಅವರ ರಾಜಕಾರಣವು ಈ ಪ್ರಸಂಗದ ವಿಷಯವಲ್ಲ. ಯಾವ ಪಕ್ಷದವರಾದರೂ ಇದನ್ನು ತಂದೆಗಳಾಗಿಯೇ ಕೇಳಿರಿ. ಹೆಂಡತಿಯನ್ನೂ ಮಗಳನ್ನೂ ಮನೆಯನ್ನೂ ಒಂದೇ ದಿನದಲ್ಲಿ ಕಳೆದುಕೊಂಡ ಮನುಷ್ಯನು ಕುಡಿತಕ್ಕೆ ಬಿದ್ದಿದ್ದರೆ, ಅಥವಾ ದ್ವೇಷವನ್ನೇ ಮಗನಿಗೆ ಉಣಿಸಿದ್ದರೆ, ಲೋಕವು ಅವನನ್ನು ದೂರುತ್ತಿದ್ದಿಲ್ಲ. ಅವರು ಉಳಿದ ಒಂದು ಮಗುವಿನ ಕೈಹಿಡಿದು ಮುಂದಕ್ಕೆ ನಡೆದರು.

ಎರಡನೆಯದಾಗಿ, ತಂದೆಯು ನಡೆಯಲು ಕಲಿಸುವವನಾಗಿರಬೇಕು.

ದೇಹದ ಸಾಧನೆಯಿಂದ ಆಗುವ ಲಾಭವು ಸ್ವಲ್ಪವೆಂದು ಪೌಲನು ತಿಮೊಥೆಗೆ ಬರೆದನೆಂಬುದನ್ನು ಕೆಲವರು ಎತ್ತಿ ಹಿಡಿಯುತ್ತಾರೆ. ದೈವಭಕ್ತಿಯ ಮುಂದೆ ಅದು ಸ್ವಲ್ಪವೇ ಸರಿ; ಆದರೆ ಲಾಭವಿಲ್ಲವೆಂದು ಅವನು ಹೇಳಲಿಲ್ಲ. ಓಟಗಾರನ ಮತ್ತು ಮಲ್ಲನ ಉದಾಹರಣೆಯನ್ನು ಅವನಷ್ಟು ಪ್ರೀತಿಯಿಂದ ತೆಗೆದುಕೊಂಡ ಅಪೊಸ್ತಲನು ಇನ್ನೊಬ್ಬನಿಲ್ಲ. ದೇಹವು ದೇವರ ಆಲಯವೆಂದು ಬರೆದವನೂ ಅವನೇ. ಆಲಯದ ಗೋಡೆಗೆ ಗೆದ್ದಲು ಹತ್ತಿದರೆ ಸುಮ್ಮನಿರುವ ಸಭೆಯುಂಟೋ?

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ತಾತಂದಿರಿಗೆ ಇದನ್ನು ಹೇಳಬೇಕಾಗಿರಲಿಲ್ಲ. ಚಿಣ್ಣಿಕೋಲು, ಲಗೋರಿ, ಹುತುತು, ಖೋಖೋ, ಹುಣಸೇಮರ ಹತ್ತುವುದು, ಗುಂಡುಕಲ್ಲು ಎತ್ತುವುದು, ತಾಲೀಮಿನ ಮನೆಯಲ್ಲಿ ಬೈಠಕ್ ತೆಗೆಯುವುದು, ಇವೇ ಅವರ ಸಾಧನೆಗಳಾಗಿದ್ದವು. ಈಗ ಎರಡು ವರ್ಷದ ಕೂಸಿನ ಕೈಗೂ ಮೊಬೈಲು ಕೊಟ್ಟು ಸುಮ್ಮನಿರಿಸುತ್ತೇವೆ. ಸುಮ್ಮನಿರುವ ಮಗು ಒಳ್ಳೆಯ ಮಗುವೆಂಬುದು ದೊಡ್ಡವರ ಅನುಕೂಲದ ಮಾತು. ಸಂಜೆ ಬಿಸಿಲಿಳಿದ ಮೇಲೆ ಒಂದು ತಾಸು ಬಯಲಿಗೆ ಬಿಡಿರಿ, ಹೆಣ್ಣುಮಕ್ಕಳನ್ನೂ ಬಿಡಿರಿ. ಸಾಧ್ಯವಾದ ದಿನ ನೀವೂ ಕೂಡಿ ಆಡಿರಿ. ಅಪ್ಪನು ಓಡಿ ಸೋತದ್ದನ್ನು ಕಂಡ ಮಗುವಿಗೆ ಸೋಲು ಅವಮಾನವಲ್ಲವೆಂಬುದು ಹೇಳದೆಯೇ ತಿಳಿಯುತ್ತದೆ.

ದಾವೀದನು ಗೊಲ್ಯಾತನ ಮುಂದೆ ನಿಂತ ದಿವಸ ಒಮ್ಮಿಂದೊಮ್ಮೆ ಧೈರ್ಯಶಾಲಿಯಾಗಲಿಲ್ಲ. ಅವನ ತಂದೆಯಾದ ಇಷಯನು ಅವನಿಗೆ ಕುರಿಗಳನ್ನು ಒಪ್ಪಿಸಿದ್ದನು. ಆ ಸಣ್ಣ ಹೊಣೆಯಲ್ಲಿ ಸಿಂಹವನ್ನೂ ಕರಡಿಯನ್ನೂ ಎದುರಿಸಿದ ಹುಡುಗನಿಗೆ ದೈತ್ಯನು ಹೊಸಬನೆನಿಸಲಿಲ್ಲ. ಮಕ್ಕಳಿಗೆ ವಯಸ್ಸಿಗೆ ತಕ್ಕ ಹೊಣೆಯನ್ನು ಕೊಡಬೇಕು: ನೀರು ತರುವುದು, ಆಕಳಿಗೆ ಮೇವು ಹಾಕುವುದು, ತಮ್ಮನನ್ನು ಅಂಗನವಾಡಿಗೆ ಬಿಡುವುದು, ತನ್ನ ತಟ್ಟೆಯನ್ನು ತಾನೇ ತೊಳೆಯುವುದು. ಗಂಡುಮಗನೂ ತೊಳೆಯಲಿ. ಆದರೆ ಹೊಣೆ ಬೇರೆ, ಹೊರೆ ಬೇರೆ. ಗಟ್ಟಿಯಾಗಲೆಂದು ಹೇಳಿ ಹನ್ನೆರಡು ವರ್ಷದವನನ್ನು ಗಣಿಗೆ ಕರೆದೊಯ್ದು ಕಲ್ಲು ಹೊರಿಸುವುದು ಶಿಕ್ಷಣವಲ್ಲ. ಅದು ಅವನ ಎಲುಬನ್ನೂ ಅವನ ಓದನ್ನೂ ಮುರಿಯುವುದು, ಕಾನೂನಿಗೂ ವಿರೋಧವಾದದ್ದು. ಮಗಳನ್ನು ಹದಿನೆಂಟು ತುಂಬುವ ಮುಂಚೆ ಮದುವೆ ಮಾಡಿ ಭಾರ ಕಳೆದುಕೊಳ್ಳುವುದೂ ಅಂಥದ್ದೇ. ಎಳೆಯ ತಾಯಿಯ ಬಲಹೀನತೆಯು ಅವಳ ಕೂಸಿಗೂ ಇಳಿಯುವುದು.

ಅಪಾಯವನ್ನು ಅರಿತು ನಡೆಸುವುದೂ ತಂದೆಯ ಕೆಲಸ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಸಹಜವಾಗಿ ದಾಟುವುದು. ಮಧ್ಯಾಹ್ನ ಹನ್ನೆರಡರಿಂದ ಮೂರರ ವರೆಗೆ ಮಕ್ಕಳು ನೆರಳಿನಲ್ಲಿರಲಿ. ಬಾಯಾರಿಕೆಗೆ ಮುಂಚೆಯೇ ನೀರೂ ಮಜ್ಜಿಗೆಯೂ ಕುಡಿಯಲಿ. ಕೈಬಿಟ್ಟ ಫರಸಿ ಗಣಿಗಳ ಹೊಂಡಗಳಲ್ಲಿ ಮಳೆಗಾಲದ ನೀರು ನಿಂತು ತಿಳಿಯಾಗಿ ಕಾಣುತ್ತದೆ. ಅಂಚು ಕಡಿದಾಗಿರುವುದರಿಂದ ಇಳಿದವನಿಗೆ ಹತ್ತಲು ಆಸರೆಯಿಲ್ಲ. ಅಲ್ಲಿಗೆ ಹೋಗಬೇಡವೆಂದು ಹೆದರಿಸಿದರೆ ಸಾಲದು. ತಂದೆಯೋ ಮಾವನೋ ಜೊತೆಯಲ್ಲಿ ನಿಂತು, ಆಳವಿಲ್ಲದ ಸುರಕ್ಷಿತ ನೀರಿನಲ್ಲಿ ಈಜು ಕಲಿಸಬೇಕು. ಹೋಶೇಯನ ಪ್ರವಾದನೆಯಲ್ಲಿ ದೇವರು ನಡೆಯಲು ಕಲಿಸುವಾಗ ತೋಳು ಹಿಡಿದೇ ಕಲಿಸಿದನಲ್ಲವೇ?

ಇಲ್ಲಿ ನಿಮ್ಮ ಕೈಕೆಲಸದಿಂದಲೇ ಒಂದು ಸಾಮ್ಯವನ್ನು ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಸಿಮೆಂಟು ಮಾಡುವವರು, ಕೆಲವರು ಗೌಂಡಿಗಳು. ಕಾಂಕ್ರೀಟು ಹಾಕಿದ ಮರುದಿನದಿಂದ ಏನು ಮಾಡುತ್ತೀರಿ? ಗೋಣಿತಾಟು ಹೊದಿಸಿ, ಕಡಿಮೆಯೆಂದರೆ ಏಳು ದಿನ ನೀರು ಹೊಡೆಯುತ್ತೀರಿ. ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ತಿಳಿಯದವರು ಭಾವಿಸುತ್ತಾರೆ. ಅದು ನೀರನ್ನು ಕುಡಿದು ಗಟ್ಟಿಯಾಗುವುದೆಂದು ನೀವು ಬಲ್ಲಿರಿ. 28 ದಿನಗಳ ನಂತರವೇ ಅದರ ಬಲವನ್ನು ಪರೀಕ್ಷಿಸುತ್ತಾರೆ. ವೈಶಾಖದ ಬಿಸಿಲಿನಲ್ಲಿ ನೀರಿಲ್ಲದೆ ಬಿಟ್ಟರೆ ಮೇಲೆ ಬೇಗನೆ ಬಿರುಸಾಗಿ ಕಂಡರೂ ಒಳಗೆ ಬಿರುಕು ಬಿಡುವುದು. ಮಕ್ಕಳೂ ಹಾಗೆಯೇ. ಬಿರುಸು ಬೇರೆ, ಬಲ ಬೇರೆ. ದಿನದಿನವೂ ತಾಳ್ಮೆಯಿಂದ ಪ್ರೀತಿಯ ನೀರು ಹೊಡೆಯದೆ, ಒಂದೇ ದಿನದಲ್ಲಿ ಗಟ್ಟಿಯಾಗಬೇಕೆಂದು ಬಿಸಿಲಿಗಿಟ್ಟ ಮಗು ಬಿರುಕುಬಿಟ್ಟರೆ ಆ ತಪ್ಪು ಯಾರದು?

ಮೂರನೆಯದಾಗಿ, ಮಗು ಬಿದ್ದಾಗ ಅದು ಓಡಿಬರುವ ಸ್ಥಳವು ತಂದೆಯೇ ಆಗಿರಬೇಕು.

ಈ ಮೂರನೆಯ ಭಾಗವನ್ನು ನಾನು ದೇವಜ್ಞಾನದ ಪಾಠಶಾಲೆಯಲ್ಲಿ ಕಲಿತವನಲ್ಲ. ನನ್ನ ಮನೆಯಲ್ಲಿ ನಾಚಿಕೆಯಿಂದ ಕಲಿತೆನು. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನ್ಯಾಯವಾಗಿದೆ.

ನನ್ನ ಮಗನಿಗೆ ಆಗ ಹನ್ನೊಂದು ವರ್ಷ. ಸ್ವಭಾವದಲ್ಲಿ ಮೃದುವಾದ ಹುಡುಗನು. ಒಂದು ದಿನ ಆಟದಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಅಳುತ್ತಾ ಬಂದನು. ಅಂಗಳದಲ್ಲಿ ಸಭೆಯ ನಾಲ್ಕು ಮಂದಿ ಹಿರಿಯರು ಕೂತಿದ್ದರು. ಅವರ ಮುಂದೆ ನನಗೆ ಸಂಕೋಚವಾಗಿ, ಗಂಡುಮಗನಾಗಿ ಇಷ್ಟಕ್ಕೆ ಅಳುತ್ತೀಯಾ ಎಂದು ಅವನನ್ನು ಹಂಗಿಸಿ ಒಳಗೆ ಅಟ್ಟಿದೆನು. ಹಿರಿಯರು ನಕ್ಕರು. ಮಗನನ್ನು ಗಟ್ಟಿಮಾಡುತ್ತಿದ್ದೇನೆಂದು ನಾನೂ ತೃಪ್ತನಾದೆನು.

ಕೆಲವು ತಿಂಗಳುಗಳಾದ ಮೇಲೆ ನಾನು ಸುತ್ತಲಿನ ಗ್ರಾಮಗಳ ಸಭೆಗಳನ್ನು ನೋಡಿಕೊಂಡು ನಾಲ್ಕು ದಿನಗಳ ತರುವಾಯ ಮನೆಗೆ ಬಂದೆನು. ಮಗನು ಮೂಲೆಯಲ್ಲಿ ಹೊದ್ದುಕೊಂಡು ಮಲಗಿದ್ದನು. ಮೈ ಕೆಂಡದಂತೆ ಸುಡುತ್ತಿತ್ತು. ಸಾದಾ ಜ್ವರವೆಂದು ಅವನ ತಾಯಿ ಕಷಾಯ ಕೊಟ್ಟಿದ್ದಳು. ಹೊದಿಕೆಯನ್ನು ಸರಿಸಿದಾಗ ನನಗೆ ಗೊತ್ತಾಯಿತು. ಫರಸಿಯ ಚಕ್ಕೆಯೊಂದು ಅಂಗಾಲನ್ನು ಸೀಳಿತ್ತು. ಅವನು ಅದಕ್ಕೆ ಹಳೆಯ ಬಟ್ಟೆಯನ್ನು ಸುತ್ತಿ, ಕಾಲ್ಚೀಲದೊಳಗೆ ಬಚ್ಚಿಟ್ಟುಕೊಂಡು ಎರಡು ದಿನ ಶಾಲೆಗೂ ಹೋಗಿದ್ದನು. ಗಾಯವು ಕೀವಾಗಿ, ಕಾಲು ಮೊಣಕಾಲಿನ ವರೆಗೆ ಬಾತು, ತೊಡೆಯ ಸಂದಿಯಲ್ಲಿ ಗಂಟು ಕಟ್ಟಿತ್ತು. ಆ ರಾತ್ರಿಯೇ ಅವನನ್ನು ಬೆನ್ನಿನ ಮೇಲೆ ಹೊತ್ತು ರಸ್ತೆಯ ವರೆಗೆ ನಡೆದು, ಒಂದು ವಾಹನವನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದೆನು. ಹತ್ತನೆಯ ವರ್ಷದ ಚುಚ್ಚುಮದ್ದು ಹಾಕಿಸಿದ್ದಿರೋ ಎಂದು ವೈದ್ಯರು ಕೇಳಿದರು. ಇತರರ ಮಕ್ಕಳಿಗೆ ಅದನ್ನು ಹೇಳಿಕೊಡುತ್ತಿದ್ದ ನಾನು, ನನ್ನ ಮಗನಿಗೆ ಹಾಕಿಸಿದ್ದಿಲ್ಲ. ಗಾಯವನ್ನು ಕೊಯ್ದು ತೊಳೆಯುವಾಗ ಅವನು ತುಟಿಯನ್ನು ಕಚ್ಚಿ ಹಿಡಿದನೇ ಹೊರತು ಅಳಲಿಲ್ಲ. ಯಾಕಪ್ಪಾ ಮೊದಲೇ ಹೇಳಲಿಲ್ಲ ಎಂದು ವೈದ್ಯರು ಕೇಳಿದ್ದಕ್ಕೆ, ಅವನು ನನ್ನ ಮುಖವನ್ನು ನೋಡದೆ, "ಅಪ್ಪ ನಗ್ತಾರಂತ ಹೇಳ್ಲಿಲ್ರೀ" ಎಂದನು.

ಪ್ರಿಯರೇ, ಕೊಲೊಸ್ಸೆಯ ಪತ್ರಿಕೆಯನ್ನು ನಾನು ಎಷ್ಟೋ ಸಾರಿ ಓದಿದ್ದೆನು, ಅದರ ಮೇಲೆ ಪರೀಕ್ಷೆಯನ್ನೂ ಬರೆದಿದ್ದೆನು. ಆ ರಾತ್ರಿಯೇ ಅದರ ಅರ್ಥವನ್ನು ತಿಳಿದೆನು. ನನ್ನ ಮಗನು ಅಳುವುದನ್ನು ಬಿಟ್ಟಿದ್ದನು, ಆದರೆ ಅವನು ಬಲವಂತನಾಗಿರಲಿಲ್ಲ, ಒಂಟಿಯಾಗಿದ್ದನು. ನಾನು ಅವನಿಗೆ ಕಲಿಸಿದ್ದು ನೋವನ್ನು ತಾಳುವುದನ್ನಲ್ಲ, ನೋವನ್ನು ನನ್ನಿಂದ ಮರೆಮಾಡುವುದನ್ನು. ದೇವರ ಕೃಪೆಯಿಂದ ಅವನ ಕಾಲು ಉಳಿಯಿತು. ಮನೆಗೆ ಬಂದ ಮೇಲೆ ನಾನು ಅವನ ಮುಂದೆ ಕೂತು, ತಪ್ಪು ನನ್ನದೆಂದು ಹೇಳಿ ಕ್ಷಮೆ ಬೇಡಿಕೊಂಡೆನು. ಆಗ ಅವನು ಅತ್ತನು, ನಾನೂ ಅತ್ತೆನು. ತಂದೆಯು ಮಗನ ಕ್ಷಮೆಯನ್ನು ಬೇಡಿದರೆ ಮರ್ಯಾದೆ ಕೆಡುವುದೆಂದು ಹೇಳುವವರಿಗೆ ನಾನು ಹೇಳುವುದಿಷ್ಟೆ: ಅಂದಿನಿಂದ ಅವನು ಮುಳ್ಳು ಚುಚ್ಚಿದರೂ ನನಗೆ ತಂದು ತೋರಿಸುತ್ತಾನೆ. ಇದಕ್ಕಿಂತ ಹೆಚ್ಚಿನ ಮರ್ಯಾದೆ ನನಗೆ ಬೇಡ.

ತಪ್ಪಿಹೋದ ಮಗನ ಸಾಮ್ಯವನ್ನು ನೆನಪುಮಾಡಿಕೊಳ್ಳಿರಿ. ಹಂದಿಗಳ ನಡುವೆ ಹಸಿದು ಕೂತ ಹುಡುಗನಿಗೆ ಮನೆಗೆ ಹಿಂದಿರುಗುವ ಯೋಚನೆ ಯಾಕೆ ಬಂತು? ಅಲ್ಲಿ ಬಾಗಿಲು ಹಾಕಿರಲಾರದೆಂಬ ನೆನಪು ಅವನೊಳಗೆ ಉಳಿದಿತ್ತು. ನಮ್ಮ ಮಕ್ಕಳೂ ಒಂದಿಲ್ಲೊಂದು ದಿನ ಬೀಳುವರು. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ, ನಪಾಸಾದ ಮಗುವು ಮನೆಯ ಕಡೆಗೆ ಬರುವುದೋ ಬಾವಿಯ ಕಡೆಗೆ ಹೋಗುವುದೋ ಎಂಬುದು ಹಿಂದಿನ ಹತ್ತು ವರ್ಷ ತಂದೆಯು ಆಡಿದ ಮಾತುಗಳ ಮೇಲೆಯೂ ನಿಂತಿದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಆ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಸಾರಿ ನಡೆಸುವ ಏರ್ಪಾಡನ್ನು ಮಾಡಿದರು. ಸರಕಾರವೇ ಮತ್ತೊಂದು ಅವಕಾಶವನ್ನು ಕೊಡುವಾಗ ಮನೆಯು ಕೊಡಬಾರದೋ? ಮಗುವು ಮಾತು ಬಿಟ್ಟು, ಊಟ ನಿದ್ರೆ ಕೆಟ್ಟು, ಬದುಕು ಬೇಡವೆಂದರೆ ಅದನ್ನು ದೆವ್ವದ ಕಾಟವೆಂದೂ ನಾಟಕವೆಂದೂ ತಳ್ಳಿಹಾಕದೆ ವೈದ್ಯರಿಗೆ ತೋರಿಸಿರಿ. 14416 ಎಂಬ ದೂರವಾಣಿಯಲ್ಲಿ ಮನಸ್ಸಿನ ಕಾಯಿಲೆಗೆ ಉಚಿತವಾಗಿ ಸಲಹೆ ಕೊಡುವರು. ಅಪಾಯಕ್ಕೆ ಸಿಕ್ಕಿದ ಮಕ್ಕಳಿಗಾಗಿ 1098 ಇದೆ. ಎಲೀಯನು ಅಡವಿಯಲ್ಲಿ ಸಾವನ್ನು ಬೇಡಿಕೊಂಡು ಮಲಗಿದಾಗ, ದೇವರು ಮೊದಲು ಅವನನ್ನು ಗದರಿಸಲಿಲ್ಲ, ಉಪದೇಶಿಸಲೂ ಇಲ್ಲ. ನಿದ್ರೆಮಾಡಗೊಟ್ಟು, ರೊಟ್ಟಿಯನ್ನೂ ನೀರನ್ನೂ ಎರಡು ಸಾರಿ ಕೊಡಿಸಿ, ಆಮೇಲೆ ಮಾತಾಡಿದನು. ಈ ಕ್ರಮವನ್ನು ನಾವು ನಮ್ಮ ಮನೆಗಳಲ್ಲಿಯೂ ಇಟ್ಟುಕೊಳ್ಳೋಣ.

ಹಾಗಾದರೆ ಬೆತ್ತವು ಬೇಡವೋ, ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತಿದೆಯಲ್ಲಾ ಎಂದು ಕೇಳುವಿರಿ. ಶಿಸ್ತು ಬೇಕೇ ಬೇಕು. ಕಟ್ಟಿಲ್ಲದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಅದೇ ಸತ್ಯವೇದದ 23ನೆಯ ಕೀರ್ತನೆಯಲ್ಲಿ ಕುರುಬನ ಕೋಲು ಕುರಿಗೆ ಧೈರ್ಯವನ್ನು ಕೊಡುವಂಥದ್ದಾಗಿದೆ. ಆ ಕೋಲು ತೋಳವನ್ನು ಅಟ್ಟುವುದಕ್ಕೂ ಕುರಿಯನ್ನು ದಾರಿಗೆ ತರುವುದಕ್ಕೂ ಇದೆ. ನಿಮ್ಮ ಕೈಯನ್ನು ಕಂಡು ನಿಮ್ಮ ಮಗುವು ಬಳಿಗೆ ಬರುವುದೋ, ಬೆದರಿ ಸರಿಯುವುದೋ? ಈ ಒಂದು ಪ್ರಶ್ನೆಯಿಂದ ತಂದೆಯು ತನ್ನನ್ನು ಶೋಧಿಸಿಕೊಳ್ಳಲಿ.

ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡದ ಹಾಳುಕೋಟೆಯನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಕಾಲದಲ್ಲಿ ಈ ಊರು ಮಾನ್ಯಖೇಟವೆಂದು ಹೆಸರುಗೊಂಡು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 972ರಲ್ಲಿ ಪರಮಾರರ ಸೀಯಕನು ಅದನ್ನು ಸೂರೆಗೊಂಡನು. ಅಂಥ ರಾಜಧಾನಿಯೇ ಬಿದ್ದಮೇಲೆ, ನಮ್ಮ ಮಕ್ಕಳ ಸುತ್ತಲೂ ಕಷ್ಟವೇ ಬಾರದಂತೆ ನಾವು ಯಾವ ಗೋಡೆಯನ್ನು ಕಟ್ಟಬಲ್ಲೆವು? ಕಷ್ಟವು ಬಂದಾಗ ನಿಲ್ಲುವ ಮೈಯನ್ನೂ, ಬಿದ್ದಾಗ ಏಳುವ ಮನಸ್ಸನ್ನೂ, ಕೂಗಿದಾಗ ಓಗೊಡುವ ತಂದೆಯನ್ನೂ ಮಾತ್ರ ಕೊಡಬಲ್ಲೆವು.

ತಂದೆಯಿಲ್ಲದ ಮಕ್ಕಳ ತಾಯಂದಿರು ಈ ಪ್ರಸಂಗವನ್ನು ಓದಿ ಮನಗುಂದಬಾರದು. ತಿಮೊಥೆಯನ್ನು ಬೆಳೆಸಿದವರು ಅವನ ಅಜ್ಜಿಯಾದ ಲೋವಿಯೂ ತಾಯಿಯಾದ ಯೂನಿಕೆಯೂ. ತರುವಾಯ ಪೌಲನು ಅವನನ್ನು ಮಗನೆಂದು ಕರೆದನು. ಸಭೆಯ ಪುರುಷರೇ, ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಅದನ್ನೂ ನಿಮ್ಮ ಮಕ್ಕಳೊಡನೆ ಬಯಲಿಗೆ ಕರೆದೊಯ್ಯಿರಿ. ದೂರದ ಊರಿನಲ್ಲಿ ದುಡಿಯುವ ತಂದೆಗಳು ದಿನಕ್ಕೊಮ್ಮೆ ಫೋನು ಮಾಡುವಾಗ, ಎಷ್ಟು ಅಂಕ ಬಂತೆಂದು ಕೇಳುವ ಮುಂಚೆ, ಇಂದು ಏನು ಉಂಡೆ, ಯಾರೊಡನೆ ಆಡಿದೆ, ಎಲ್ಲಾದರೂ ನೋಯುತ್ತದೋ ಎಂದು ಕೇಳಲಿ.

ಈ ತಿಂಗಳಲ್ಲಿ ಪ್ರತಿಯೊಬ್ಬ ತಂದೆಯೂ ನಾಲ್ಕು ಕೆಲಸಗಳನ್ನು ಮಾಡುವನಾಗಲಿ. ಮಗುವಿನ ಲಸಿಕೆಯ ಕಾರ್ಡನ್ನು ಹುಡುಕಿ ನೋಡಲಿ. ವಾರಕ್ಕೆ ಮೂರು ಸಂಜೆಯಾದರೂ ಮಗುವಿನೊಡನೆ ನಡೆಯಲಿ ಅಥವಾ ಆಡಲಿ. ದಿನಕ್ಕೆ ಒಂದು ಹೊತ್ತು ಮಗುವಿನ ಜೊತೆಯಲ್ಲಿ ಕೂತು ಉಣ್ಣಲಿ. ಮಲಗುವ ಮುಂಚೆ ಅದರ ತಲೆಯ ಮೇಲೆ ಕೈಯಿಟ್ಟು, ಹೆಸರು ಹೇಳಿ ಪ್ರಾರ್ಥಿಸಲಿ.

ನಮ್ಮನ್ನು ಇಂದಿನ ವರೆಗೆ ಹೊತ್ತುಕೊಂಡು ಬಂದ ತಂದೆಯೇ, ನಮ್ಮ ಮಕ್ಕಳನ್ನು ಹೊರುವುದಕ್ಕೆ ನಮ್ಮ ಹೆಗಲಿಗೆ ಬಲವನ್ನೂ, ಅವರನ್ನು ನಡೆಸುವುದಕ್ಕೆ ನಮ್ಮ ಕೈಗೆ ತಾಳ್ಮೆಯನ್ನೂ ಕೊಡು. ನಾವು ಮಾಡಿದ ಗಾಯಗಳನ್ನು ನಮಗೆ ತೋರಿಸಿ, ಮಾಗಿಸು. ಅವರು ಬಿದ್ದ ದಿವಸ ನಮ್ಮ ಬಾಗಿಲು ತೆರೆದಿರಲಿ. ಆಮೆನ್.